ಹಗೇವಿನಿಂದ ಬಂದ ‘ಹೂಂ’

ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎನ್ನುವ ಹಟ ನನಗೆ ಯಾವತ್ತೂ ಇರಲಿಲ್ಲ. ಗಾಳಿ, ಆವಿ, ವಾಸನೆ ಎಲ್ಲವೂ ಕಾಣದಂಥವೇ. ಆದರೆ ಅವನ್ನು ಸೀಸೆಯಲ್ಲಿ ಹಿಡಿಯಬಹುದು, ತೂಗಬಹುದು. ತಕ್ಕಡಿಗೆ ಸಿಗದ ಸಂಗತಿಯನ್ನು ಯಾರಾದರೂ ಹೇಳತೊಡಗಿದರೆ ನಾನು ಎದುರಿಗೆ ಗಂಭೀರನಾಗಿ ಕುಳಿತು ಒಳಗೊಳಗೇ ನಗುತ್ತಿದ್ದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ರೋಣದ ಹೈಸ್ಕೂಲಿನಲ್ಲಿ ಹೊಸದಾಗಿ ಮಾಸ್ತರನಾಗಿದ್ದವನಿಗೆ ಅಷ್ಟು ಬಿಗುಮಾನ ಇರುವುದೇ. ಈಗ ನಗುವುದಿಲ್ಲ. ನಂಬುತ್ತೇನೆಂದು ಹೇಳುವ ಧೈರ್ಯವೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನಗೆ ಕಾಣದ ದಾರಿ ಓದುವವರಿಗೆ ಕಂಡರೆ ಕಾಣಲಿ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ ಗಂಗವ್ವ, ಬೆಳವಣಕಿಯಲ್ಲಿ ಇದ್ದಳು. ಅವಳಿಗೆ ಒಬ್ಬನೇ ಮಗ ಈರಣ್ಣ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು, ಸಾಲಿ ಬಿಟ್ಟು ಒಕ್ಕಲುತನ ಹಿಡಿದವನು. ಅವರ ಹಿತ್ತಲಲ್ಲಿ ಒಂದು ಹಗೇವು ಇತ್ತು. ಹಗೇವೆಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಗಡಿಗೆಯ ಹಾಗೆ ಅಗಲ. ಸುತ್ತ ಕಣಕಿ, ಅಂದರೆ ಜೋಳದ ಒಣದಂಟು, ಮತ್ತು ಹೊಟ್ಟು ಹಚ್ಚಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಬಡಿದರೆ ವರ್ಷಗಟ್ಟಲೆ ಕಾಳು ಕೆಡದೆ ಇರುತ್ತದೆ. ನೀರು ಒಸರಿದರೆ ಮಾತ್ರ ಕೆಟ್ಟಿತು. ತೊಯ್ದ ಜೋಳ ಒಳಗೇ ಮುಗ್ಗುತ್ತದೆ, ಹುಳಿಯುತ್ತದೆ, ಗಾಳಿಯನ್ನು ವಿಷ ಮಾಡುತ್ತದೆ. ಹಗೇವಿಗೆ ಇಳಿದು ಸತ್ತವರ ಕತೆ ನಮ್ಮ ಸೀಮೆಯ ಪ್ರತಿ ಊರಿನಲ್ಲೂ ಇದೆ.

ಅದಕ್ಕೇ ಒಂದು ಪದ್ಧತಿ ಇತ್ತು. ಹಿಂದಿನ ದಿನವೇ ಬಾಯಿ ತೆರೆದಿಡುವುದು. ಮರುದಿನ ಕಂದೀಲು ಇಳಿಬಿಟ್ಟು ಅದು ಆರುವುದೋ ಉರಿಯುವುದೋ ನೋಡುವುದು. ಆಮೇಲೆ ಇಳಿಯುವವನ ಬಗಲಿಗೆ ಹಗ್ಗ ಕಟ್ಟಿ, ಮೇಲೆ ಒಬ್ಬ ಆ ಹಗ್ಗ ಹಿಡಿದು ಕುಳಿತು ಮೇಲಿಂದ ಮೇಲೆ ‘ಅದೀಯೇನು?’ ಎಂದು ಕೇಳುತ್ತಿರಬೇಕು. ಕೆಳಗಿನವನು ‘ಹೂಂ’ ಅನ್ನುತ್ತಿರಬೇಕು. ಕತೆ ಕೇಳುವ ಮಕ್ಕಳು ಹೂಂಗುಡುತ್ತಾರಲ್ಲ, ಹಾಗೆ. ಹೂಂ ನಿಂತರೆ ಕಾರಣ ಕೇಳದೆ ಎಳೆಯಬೇಕು.

ಆ ವರ್ಷ ಮಳೆ ಜೋರಾಗಿ ಚಿಗವ್ವನ ಹಗೇವಿಗೆ ನೀರು ಒಸರಿತ್ತು. ಬಾಯಿ ತೆರೆದಾಗ ಬಂದ ನಾತಕ್ಕೆ ಓಣಿಯ ನಾಯಿ ಕೂಡ ದೂರ ಸರಿಯಿತಂತೆ. ಒಮ್ಮೆ ಇಳಿಯಲು ನೋಡಿದ ಈರಣ್ಣ ನಾತ ತಾಳಲಾರದೆ ಮೇಲೆ ಬಂದಿದ್ದ. ಅದೇ ವಾರ ರೋಣದ ಸಂತೆಗೆ ಬಂದವನು ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತ. ಆವತ್ತು ನಾನು ಹುಡುಗರಿಗೆ ಕೊಳೆತ ತತ್ತಿಯ ವಾಸನೆಯ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿದ ಇದ್ದಲಿಯ ಮೂಲಕ ಹಾಯಿಸಿ ತೋರಿಸುತ್ತಿದ್ದೆ. ಒಂದು ತುದಿಯಲ್ಲಿ ಮೂಗು ಮುಚ್ಚಿಕೊಳ್ಳುವಷ್ಟು ನಾತ, ಇನ್ನೊಂದು ತುದಿಯಲ್ಲಿ ಏನೂ ಇಲ್ಲ.

ಇದ್ದಲಿಯ ಚೂರಿನೊಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳ ಗೋಡೆಗಳನ್ನು ಬಿಚ್ಚಿ ಹಾಸಿದರೆ ಒಂದು ಹಿಡಿ ಇದ್ದಲಿ ಅಂಗಳದಷ್ಟಾದರೂ ಆದೀತು. ಗಾಳಿಯಲ್ಲಿರುವ ನಾತ ಆ ಗೋಡೆಗಳಿಗೆ ಹತ್ತಿಕೊಂಡು ನಿಲ್ಲುತ್ತದೆ. ಅರಿವೆ ನೀರು ಕುಡಿದಂತೆ ಅಲ್ಲ, ಬೆಲ್ಲಕ್ಕೆ ನೊಣ ಮುತ್ತಿದಂತೆ, ಮೇಲ್ಮೈಗೆ ಮಾತ್ರ. ಕಾಲೇಜಿನಲ್ಲಿ ತಕ್ಕಡಿಯ ಪೆಟ್ಟಿಗೆಯೊಳಗೆ ನೀಲಿ ಹರಳುಗಳ ಬಟ್ಟಲು ಇಟ್ಟಿರುತ್ತಿದ್ದರು. ಅವು ಗಾಳಿಯ ತೇವವನ್ನು ಹೀಗೆಯೇ ಹಿಡಿದು ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಟ್ಟು ಮತ್ತೆ ನೀಲಿ. ಇದ್ದಲಿಯದೂ ಅದೇ ಗುಣ. ತಣ್ಣಗಿದ್ದಾಗ ಹಿಡಿಯುತ್ತದೆ, ಬೆಂಕಿಗೆ ಬಿದ್ದರೆ ಬಿಡುತ್ತದೆ.

“ಮಾಸ್ತರ, ಇದನ್ನ ನನ್ನ ಮೂಗಿಗೆ ಕಟ್ಟು,” ಎಂದ ಈರಣ್ಣ. ನನ್ನನ್ನು ಮಾಸ್ತರ ಎಂದು ಕರೆಯುವುದು ಅವನ ಚೇಷ್ಟೆ.

ಇದ್ದಲಿ ನಾತವನ್ನು ಹಿಡಿಯುತ್ತದೆಯೇ ಹೊರತು ಉಸಿರಿಗೆ ಬೇಕಾದ ಗಾಳಿಯನ್ನು ಹುಟ್ಟಿಸುವುದಿಲ್ಲ, ಎಲ್ಲ ಅನಿಲವನ್ನೂ ತಡೆಯುವುದಿಲ್ಲ ಎಂದು ನಾನು ಅವನಿಗೆ ಹೇಳಿದೆ. ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ತೋರಿಸುವುದು ಕಂದೀಲಿನ ಕೆಲಸ, ಕಂದೀಲು ಉರಿದರಷ್ಟೇ ಇಳಿಯಬೇಕು ಎಂದೂ ಹೇಳಿದೆ. ಆದರೆ ಹಾಗೆ ಹೇಳುತ್ತಲೇ ಕೈ ಕೆಲಸಕ್ಕೆ ಹತ್ತಿತ್ತು. ನಾನು ಓದಿದ್ದು ನಮ್ಮ ಮನೆಯವರಿಗೆ ಮೊದಲ ಸಲ ಉಪಯೋಗಕ್ಕೆ ಬರುವುದಿತ್ತು.

ಭಾನುವಾರ ಬೆಳವಣಕಿಗೆ ಹೋದೆ. ಚಿಗವ್ವನ ಒಲೆಯ ಇದ್ದಲಿಯನ್ನು ಕುಟ್ಟಿ, ಜರಡಿ ಹಿಡಿದು, ತೇವ ಹೋಗುವ ಹಾಗೆ ಹಂಚಿನ ಮೇಲೆ ಹುರಿದೆ. ಚಿಗವ್ವ ತನ್ನ ಗಜೇಂದ್ರಗಡದ ಹಳೆಯ ಸೀರೆಯೊಂದನ್ನು ಹರಿದು ಕೊಟ್ಟಳು. ಅದರ ಎರಡು ಪದರದ ನಡುವೆ ಇದ್ದಲಿ ತುಂಬಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಹೊಲಿದೆ.

“ಮಾಸ್ತರ, ಇದು ನಾತ ತಿಂತೈತಿ ಅಂದ್ರ ನಮ್ಮ ಹನಮ್ಯಾನ ಅಂಗಿಗೂ ಒಂದೀಟ ತುಂಬು,” ಎಂದ ಈರಣ್ಣ, ಅದನ್ನು ಮುಖಕ್ಕೆ ಹಿಡಿದು ನೋಡುತ್ತ.

ಹನಮಪ್ಪ ಅವರ ಮನೆಯ ಆಳು, ವಯಸ್ಸಾದವನು. “ನನ್ನ ಅಂಗಿ ದುಡದ ನಾರತೈತ್ರಿ,” ಎಂದ. “ಕುಂತ ನಾರಾವ್ರು ಬ್ಯಾರೆ ಅದಾರ.”

“ನೋಡಿದೇನು, ನಿನಗ ಅಂದಾನ, ಮಾಸ್ತರ,” ಎಂದು ಈರಣ್ಣ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮಧ್ಯಾಹ್ನ ಊಟವಾದ ಮೇಲೆ ಕಂದೀಲು ಇಳಿಬಿಟ್ಟೆವು. ಚೆನ್ನಾಗಿ ಉರಿಯಿತು. ಅದನ್ನು ಹಾಗೆಯೇ ಒಳಗೆ ತೂಗುಬಿಟ್ಟು ಈರಣ್ಣ ಇಳಿದ. ನಾನು ಹಗೇವಿನ ಬಾಯಿಗೆ ಬೋರಲಾಗಿ ಮಲಗಿ ಹಗ್ಗ ಹಿಡಿದೆ. ಹನಮಪ್ಪ ಇನ್ನೊಂದು ಹಗ್ಗದಿಂದ ಬುಟ್ಟಿ ಎಳೆಯುತ್ತ, ಜೋಳವನ್ನು ಅಂಗಳದಲ್ಲಿ ಹಾಸಿದ ತಾಡಪತ್ರಿಯ ಮೇಲೆ ಹರವಿ ಬರುತ್ತಿದ್ದ.

“ನಾತ ಬರತೈತೇನಪಾ ಅಣ್ಣಾ?” ಎಂದು ಕೇಳಿದೆ.

“ಏನೂ ಇಲ್ಲೋ. ಮಲ್ಲಿಗಿ ತ್ವಾಟದಾಗ ಇಳದಂಗ ಆಗೇತಿ,” ಎಂದ. ಮುಖವಾಡದೊಳಗಿನ ಆ ಮಾತು ಹಾಸಿಗೆಯಡಿಯಿಂದ ಬಂದ ಹಾಗೆ ಕೇಳಿತು. ನನಗೆ ಆದ ಸಂತೋಷವನ್ನು ಈಗ ನೆನೆಯಲು ನಾಚಿಕೆಯಾಗುತ್ತದೆ.

ನಡುವಿನ ಒಳ್ಳೆಯ ಜೋಳ ಮುಗಿದ ಮೇಲೆ ಅವನು ಗೋಡೆಯ ಕಡೆ ಸರಿದ. ಅಲ್ಲಿ ತೊಯ್ದ ಜೋಳ ಹೆಂಟೆಗಟ್ಟಿತ್ತು. ಬಗ್ಗಿ ಸಲಿಕೆಯಿಂದ ಒಡೆಯುವ ಸಪ್ಪಳ ಕೇಳುತ್ತಿತ್ತು. ಬಾಯಿಯಿಂದ ನನಗೆ ಅವನು ಕಾಣುತ್ತಿರಲಿಲ್ಲ, ಕಂದೀಲಿನ ಬೆಳಕು ಮಾತ್ರ ಕಾಣುತ್ತಿತ್ತು. ನಾನು “ಅದೀಯೇನಪಾ?” ಅಂದೆ. “ಹೂಂ” ಬಂತು. ಸಲಿಕೆಯ ಸಪ್ಪಳ ನಿಂತಿತು. ದಣಿದು ನಿಂತನೆಂದುಕೊಂಡೆ. ಮತ್ತೆ ಕೇಳಿದೆ. “ಹೂಂ” ಎಂದ. ಸ್ವಲ್ಪ ಬಿಟ್ಟು ಮತ್ತೆ ಕೇಳಿದೆ, ಮತ್ತೆ “ಹೂಂ”. ನಿಧಾನವಾದ, ಹೊಟ್ಟೆ ತುಂಬಿದವನ ಹೂಂ. ಒಂದು ಸಲವೂ ತಪ್ಪಲಿಲ್ಲ. ಹಗ್ಗ ಸಡಿಲಾಗಿ ಬಿದ್ದಿತ್ತು, ಬುಟ್ಟಿ ಬಹಳ ಹೊತ್ತಿನಿಂದ ತುಂಬಿರಲಿಲ್ಲ. ಎರಡನ್ನೂ ನಾನು ನೋಡಿದೆ. ನೋಡಿದರೂ, ಹೂಂ ಬರುತ್ತಿರುವಾಗ ಎಳೆಯುವುದೇಕೆ ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ಚಿಗವ್ವ ಮಜ್ಜಿಗೆ ತಂದಳು. ಯಾವುದೋ ಜ್ವರದಲ್ಲಿ ಅವಳ ಕಿವಿ ಹೋಗಿ ವರ್ಷಗಳಾಗಿದ್ದವು. ಹೆಂಗದಾನ ಎಂದು ಕೈಮಾಡಿ ಕೇಳಿದಳು. ನಾನು ತಲೆಯಾಡಿಸಿ, ಹೂಂ ಅನ್ನುತ್ತಿದ್ದಾನೆ ಎಂದು ಬಾಯಿ ಮಾಡಿ ತೋರಿಸಿದೆ. ಅವಳು ಹಗೇವಿನೊಳಗೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ತಂಬಿಗೆ ಕೆಳಗಿಟ್ಟು ನನ್ನ ಕೈಯೊಳಗಿನ ಹಗ್ಗವನ್ನು ಹಿಡಿದು ಜಗ್ಗಿದಳು. ಹಗ್ಗ ಬಿಗಿಯಾಗಿ ಅಲ್ಲಿಯೇ ನಿಂತಿತು.

“ಹನಮ್ಯಾ, ಬಾರೋ ಲಗೂ,” ಎಂದಳು. ಕಿವುಡರ ಆ ದೊಡ್ಡ, ಏರಿಳಿತವಿಲ್ಲದ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಮೂವರೂ ಸೇರಿ ಎಳೆದೆವು. ಈರಣ್ಣನ ತಲೆ ಜೋತುಬಿದ್ದಿತ್ತು. ನಾನು ಹೊಲಿದ ಮುಖವಾಡ ಒಂದಿಷ್ಟೂ ಸರಿಯದೆ ಮುಖಕ್ಕೆ ಅಂಟಿಕೊಂಡಿತ್ತು. ಚಿಗವ್ವ ಅದನ್ನು ಹರಿದು ಒಗೆದಳು. ಅದರಡಿಯ ತುಟಿ ಕಪ್ಪಾಗಿತ್ತು. ಹನಮಪ್ಪ ಎದೆ ತಿಕ್ಕಿದ, ಮುಖಕ್ಕೆ ನೀರು ಗೊಜ್ಜಿದ. ಸತ್ತೇ ಹೋದ ಎಂದು ನಾನು ಅಂದುಕೊಂಡಾಗ ಅವನು ಒಂದು ಉಸಿರು ಎಳೆದ. ಒಳಗೆ ಕಂದೀಲು ಇನ್ನೂ ಉರಿಯುತ್ತಿತ್ತು. ಕೆಟ್ಟ ಗಾಳಿ ಭಾರವಾದದ್ದು, ಅದು ನೆಲಕ್ಕೆ ಹತ್ತಿ ಗೋಡೆಯ ಬದಿಯಲ್ಲಿ ನಿಂತಿತ್ತು, ಕಂದೀಲು ಅದಕ್ಕಿಂತ ಮೇಲಿತ್ತು. ಬಗ್ಗಿದವನು ಅದರಲ್ಲಿ ಮುಳುಗಿದ್ದ. ಇಷ್ಟು ನಾನು ಆಮೇಲೆ ತಿಳಿದುಕೊಂಡೆ.

ಅವನನ್ನು ಚಕ್ಕಡಿಯಲ್ಲಿ ರೋಣದ ದವಾಖಾನಿಗೆ ಒಯ್ಯಲು ಚಿಗವ್ವ ಹೊದಿಕೆ ತರಲೆಂದು ಒಳಗೆ ಹೋದಳು. ಹೋಗುವಾಗ ಆ ಮುಖವಾಡವನ್ನು ಎತ್ತಿಕೊಂಡು ಒಲೆಗೆ ಹಾಕಿದಳು. ಬೆಂಕಿ ಹತ್ತಿದ ಕೂಡಲೇ ಅಡುಗೆಮನೆಯಿಂದ ಹಗೇವಿನ ನಾತ ಗಪ್ಪೆಂದು ಹೊರಗೆ ಬಂತು. ಈರಣ್ಣನ ಮೂಗಿಗೆ ಮುಟ್ಟದ ಹಾಗೆ ಆ ಇದ್ದಲಿ ಹಿಡಿದಿಟ್ಟುಕೊಂಡದ್ದೆಲ್ಲ ಒಮ್ಮೆಲೇ ಮನೆ ತುಂಬಿತು. ಮುಖವಾಡವಿಲ್ಲದೆ ಇಳಿದಿದ್ದರೆ ಆ ನಾತವೇ ಅವನನ್ನು ಹಿಂದಿನ ಸಲದ ಹಾಗೆ ಹೊರಗೆ ಅಟ್ಟುತ್ತಿತ್ತು. ಇದ್ದಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅಂಜಿಸುವುದನ್ನು ತೆಗೆದುಹಾಕಿ ಕೊಲ್ಲುವುದನ್ನು ಬಿಟ್ಟಿತ್ತು.

ಈರಣ್ಣ ಉಳಿದ. ಎಡಗೈಗೆ ನಡುಕ ಹತ್ತಿತು, ಮಾತಿನ ನಡುವೆ ಶಬ್ದಗಳು ಮರೆಯತೊಡಗಿದವು. ದವಾಖಾನಿಯಲ್ಲಿ ಅವನು ಕಣ್ಣು ಬಿಟ್ಟ ಮೇಲೆ ನಾನು ಮೊದಲು ಕೇಳಿದ್ದು ಹೂಂ ಬಗ್ಗೆ. “ಹೆಂಟಿ ಒಡಿಯೂಮುಂದ ಒಂದ ಸಲ ಅಂದೀನಿ. ಮುಂದ ಗೊತ್ತಿಲ್ಲ,” ಎಂದ. ಅವನನ್ನು ನೋಡಿದ ಡಾಕ್ಟರರೂ, ಇವನು ಬಿದ್ದು ಬಹಳ ಹೊತ್ತಾಗಿರಬೇಕು, ಬಿದ್ದ ಮೇಲೆ ದನಿ ತೆಗೆಯುವ ಶಕ್ತಿ ಇರುವುದಿಲ್ಲ ಎಂದರು.

ಹಾಗಾದರೆ ನಾನು ಕೇಳಿದ್ದು? ದವಾಖಾನಿಯ ಕಟ್ಟೆಯ ಮೇಲೆ ಹನಮಪ್ಪನನ್ನು ಕೇಳಿದೆ. ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ಅನುಮಾನದಿಂದ ನೋಡಿದ.

“ನೀವು ಅದೀಯೇನು ಅನ್ನೂದು ಕೇಳತಿತ್ರಿ ಮಾಸ್ತರ್ರ,” ಎಂದ. “ಹೂಂ ಅನ್ನೂದೂ ಕೇಳತಿತ್ರಿ.”

“ಈರಣ್ಣಂದ ಹೌದಲ್ಲ?”

“ಇಲ್ರಿ. ನೀವ ಕೇಳತಿದ್ರಿ, ನೀವ ಹೂಂ ಅಂತಿದ್ರಿ. ಸಾಲ್ಯಾಗ ಹುಡುಗೂರಿಗೆ ಹಿಂಗ ಮಾಡಿ ರೂಢಿ ಆಗಿರಬೇಕು ಅಂತ ನಾ ಸುಮ್ಮನಾದೆ.”

ಎಷ್ಟೋ ರೀತಿಯಲ್ಲಿ ಇದನ್ನು ಬಿಡಿಸಲು ನೋಡಿದ್ದೇನೆ. ಬಾಯಿಗೆ ತಲೆ ಕೊಟ್ಟು ಮಲಗಿದ್ದವನಿಗೂ ಆ ಗಾಳಿ ಸ್ವಲ್ಪ ಹತ್ತಿ ಮತಿ ಮಂಕಾಗಿರಬಹುದು. ಆದರೆ ನನಗೆ ತಲೆ ಸುತ್ತಲಿಲ್ಲ, ಆಮೇಲೆ ನೋಯಲೂ ಇಲ್ಲ. ಹಗೇವು ನನ್ನ ದನಿಯನ್ನೇ ಮರಳಿಸಿರಬಹುದು ಎಂದುಕೊಂಡು, ಮರುವರ್ಷ ಬರಿದಾಗಿದ್ದ ಇನ್ನೊಂದು ಹಗೇವಿನ ಬಾಯಿಗೆ ಹಾಗೆಯೇ ಬೋರಲು ಮಲಗಿ ಕೂಗಿ ನೋಡಿದೆ. ಗೋಡೆಯ ಕಣಕಿ ನನ್ನ ದನಿಯನ್ನು ನುಂಗಿತು, ಏನನ್ನೂ ಮರಳಿ ಕೊಡಲಿಲ್ಲ. ಹನಮಪ್ಪನ ಮಾತೇ ಖರೆಯೆಂದರೆ, ಸಾಯುತ್ತಿದ್ದವನ ಪರವಾಗಿ ನನ್ನ ಬಾಯಿಯೇ ಹೂಂ ಅಂದಿದೆ. ನನ್ನ ಇದ್ದಲಿ ಗೆಲ್ಲಲೆಂದು ಅಂದಿತೋ ಏನೋ. ಆದರೆ ಅದು ಕೆಳಗಿನಿಂದ ಬಂತು. ದನಿ ಈರಣ್ಣನದು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಚಿಗವ್ವ ಹಗೇವನ್ನು ಮಣ್ಣು ತುಂಬಿಸಿ ಮುಚ್ಚಿಸಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಹೋದಾಗಲೆಲ್ಲ ಬಿಸಿ ರೊಟ್ಟಿ ಬಡಿಸಿ ಎದುರಿಗೆ ಕೂಡುತ್ತಿದ್ದಳು. ನಾನು ಮಾತಾಡುವಾಗ ಮಾತ್ರ ನನ್ನ ತುಟಿಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು. ಕಿವಿ ಕೇಳದವರು ನೋಡುವುದೇ ಹಾಗೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನನಗೆ ನರಗುಂದಕ್ಕೆ ವರ್ಗವಾದ ಮೇಲೆ ಬೆಳವಣಕಿಗೆ ಹೋಗುವುದು ಕಡಿಮೆಯಾಯಿತು. ಒಂದು ಸಂಜೆ ಹೋದಾಗ ಈರಣ್ಣ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ. ಎಡಗೈ ನಡುಗಿ ಕಾಳು ಉರುಳಿಬೀಳುತ್ತಿದ್ದವು. ನಾನು ಆರಿಸಿ ಕೊಡುತ್ತಿದ್ದೆ. ಆ ದಿನದ ವಿಷಯವನ್ನು ಅವನಾಗಿ ಎಂದೂ ಎತ್ತಿದವನಲ್ಲ. ಆವತ್ತು ತಲೆ ಎತ್ತದೆ ಕೇಳಿದ.

“ಆ ಹೂಂ ಅಂದದ್ದು ಹ್ಯಾಂಗಿತ್ತೋ ಮಾಸ್ತರ?”

“ಹ್ಯಾಂಗ ಅಂದ್ರ?”

“ಅಂಜಿದಾಂವನ ದನಿ ಇದ್ದಂಗ ಇತ್ತೇನು?”

ಸುಳ್ಳು ಹೇಳಬಹುದಿತ್ತು. “ಇಲ್ಲಪಾ ಅಣ್ಣಾ. ಉಂಡು ಅಡ್ಡಾಗಿದ್ದಾಂವ ಅಂದಂಗ ಇತ್ತು. ಭಾಳ ಸಮಾಧಾನ ಇತ್ತು,” ಎಂದೆ.

ಅವನು ಒಂದು ಕಾಯಿ ಒಡೆದ. ಶಬ್ದಕ್ಕಾಗಿ ಹುಡುಕುತ್ತ ಕಾಳಿನ ಸಿಪ್ಪೆ ಊದಿದ.

“ಹಂಗಾದ್ರ ನಂದಲ್ಲ ಬಿಡು,” ಎಂದ. “ಈಗೀಗ ನೆನಪು ಬರಾಕತ್ತೈತಿ. ನಾ ಭಾಳ ಅಂಜಿದ್ದೆ. ನಿನ್ನ ಹೆಸರ ಹಿಡದ ಕೂಗೀನಿ.”

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಸುಲಿದ ಕಾಳುಗಳನ್ನು ನನ್ನ ಅಂಗೈಗೆ ಹಾಕಿ ಮತ್ತೆ ಸುಲಿಯತೊಡಗಿದ. ನಾನು ಅವನ್ನು ಹಿಡಿದುಕೊಂಡು ಕುಳಿತೆ. ನನ್ನ ಹೆಸರನ್ನು ಯಾರಾದರೂ ಕೂಗಿದ್ದು ಆ ದಿನ ನನಗೆ ಕೇಳಿಸಿರಲಿಲ್ಲ. ಕೇಳಿಸಿದ್ದು ‘ಹೂಂ’ ಮಾತ್ರ.