ಜಯತ್ತೆಯ ಆಲ್ದೋ, ಅಮ್ಮನ ಬಟ್

ಪಾಂಡವಪುರದ ರಸ್ತೆಯಲ್ಲಿ ಆಲೆಮನೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಪರೀಕ್ಷೆ ನೆನಪಾಗುತ್ತದೆ. ಪರೀಕ್ಷೆ ನನ್ನದಲ್ಲ, ಅಪ್ಪನ ತಂಗಿ ಜಯತ್ತೆಯದು. ಹತ್ತನೇ ತರಗತಿಯಲ್ಲಿ ಇಂಗ್ಲಿಷೊಂದರಲ್ಲಿ ನಪಾಸಾಗಿದ್ದಳು. "ಈ ಸಲನೂ ಓಯ್ತು ಅಂದ್ರೆ ಕೆ.ಆರ್. ಪೇಟೆ ಗಂಡಿಗೆ ಮಾತು ಕೊಟ್ಬುಡ್ತೀನಿ" ಎಂದು ತಾತ ಜಗಲಿಯಿಂದಲೇ ಹೇಳಿಬಿಟ್ಟಿದ್ದರು. ಅಂದಿನಿಂದ ಜಯತ್ತೆ ಪಕ್ಕದ ಆಲೆಮನೆಯ ಒಲೆ ಹೊತ್ತುವ ಹೊತ್ತಿಗೇ ಎದ್ದು ಪುಸ್ತಕ ಹಿಡಿಯುತ್ತಿದ್ದಳು.

ಪಾಠ ಹೇಳಿದವಳು ನಮ್ಮಮ್ಮ. ಪಿಯುಸಿ ಓದಿ ಆ ಮನೆಗೆ ಸೊಸೆಯಾಗಿ ಬಂದವಳು. ಒಲೆಯ ಮುಂದೆ ಹಿಟ್ಟು ತಿರುವುತ್ತಲೇ ಆಂಡ್, ಬಟ್, ಬಿಕಾಸ್‌ಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಜಯತ್ತೆ ಎಡವುತ್ತಿದ್ದುದು ಒಂದೇ ಕಡೆ. ಆಲ್ದೋ ಎಂದು ಶುರುವಾದ ವಾಕ್ಯದ ನಡುವೆ ಬಟ್ ನುಸುಳಿಬಿಡುತ್ತಿತ್ತು. "ಎರಡೂ ಮಾಡೋದು ಒಂದೇ ಕೆಲ್ಸ ಕಣೆ. ಜ್ವರ ಬಂದಿದ್ರೂ ಗದ್ದೆಗೋದ್ಲು ಅಂತೀವಿ. ಜ್ವರ ಬಂದಿತ್ತು, ಆದ್ರೆ ಗದ್ದೆಗೋದ್ಲು ಅಂತೀವಿ. ಬಂದಿದ್ರೂ ಆದ್ರೆ ಅಂತ ಯಾರಾದ್ರೂ ಅಂತಾರಾ?" ಎಂದು ಅಮ್ಮ ಕೇಳಿದರೆ ಜಯತ್ತೆ ನಗುತ್ತಿದ್ದಳು. ಮರುಗಳಿಗೆ ಮತ್ತೆ ಎರಡನ್ನೂ ಬರೆದು, ಕಣ್ಣು ತುಂಬಿಕೊಂಡು ಕೂರುತ್ತಿದ್ದಳು.

ಪರೀಕ್ಷೆ ನಡೆದದ್ದು ಶ್ರೀರಂಗಪಟ್ಟಣದಲ್ಲಿ. ಹೊಂಗೆ ಮರದಡಿ ನಾನು, ಅಮ್ಮ ಕಾದಿದ್ದೆವು. ಜಯತ್ತೆ ತುಟಿಯೊಣಗಿಸಿಕೊಂಡು ಹೊರಬಂದಳು. "ಅತ್ಗೆ, ಎರಡ್ನೂ ಬರ್ದ್ಬುಟ್ಟಿದ್ದೆ. ಕೊನೇಲಿ ಗ್ಯಾಪ್ಕ ಬಂತು, ಒಂದ ಒಡ್ದಾಕ್ದೆ. ಯಾವ್ದು ಅಂತ ಈಗ ತಿಳೀತಿಲ್ಲ." ಅಮ್ಮ ಅವಳ ಕೈ ಹಿಡಿದುಕೊಂಡಳು. "ಯಾವ್ದು ಒಡ್ದಾಕಿದ್ರೂ ಸರಿನೇ ಕಣೆ. ಒಂದು ಉಳ್ಕೊಂಡ್ರೆ ಸಾಕು." ಫಲಿತಾಂಶದ ವಾರವೇ ಹೆಣ್ಣು ನೋಡಲು ಬನ್ನಿ ಎಂದು ತಾತ ಗಂಡಿನವರಿಗೆ ಹೇಳಿ ಕಳಿಸಿಯಾಗಿತ್ತು.

ಫಲಿತಾಂಶ ನೋಡಲು ಅಮ್ಮನೇ ಶ್ರೀರಂಗಪಟ್ಟಣಕ್ಕೆ ಹೋದಳು. ಜಯತ್ತೆ ಕೊಟ್ಟಿಗೆ ಸೇರಿ ಹೊರಗೆ ಬರಲೇ ಇಲ್ಲ. ಬಸ್ಸಿಳಿದು ನಡೆದುಬಂದ ಅಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ನೇರ ಜಗಲಿಗೆ ಹೋಗಿ, ಸೆರಗು ಸರಿಮಾಡಿಕೊಂಡು, "ಮಾವ, ಜಯ ಪಾಸು" ಎಂದಳು. ತಾತ ಅಪ್ಪನನ್ನು ಕರೆದು, "ಕೆ.ಆರ್. ಪೇಟೆಯೋರಿಗೆ ಬರ್ಬ್ಯಾಡಿ ಅಂದ್ಬುಡ್ಲಾ" ಎಂದರು. ಕೊಟ್ಟಿಗೆಯಿಂದ ಜಯತ್ತೆ ಅಳುವುದು ಕೇಳಿಸಿತು.

ಜಯತ್ತೆ ಮುಂದೆ ಓದಿ, ನಾಗಮಂಗಲದ ಕಡೆ ಮೇಷ್ಟ್ರಮ್ಮ ಆದಳು. ತಾತನ ನಂತರ ಮನೆ ಪಾಲಾಯಿತು, ನಮ್ಮ ಪಾಲಿನ ಹೆಂಚಿಳಿದು ತಾರಸಿ ಬಂತು. ಹೋದ ವರ್ಷ ಅಮ್ಮನೂ ಹೋದಳು. ತಿಥಿಯ ದಿನ ಜಯತ್ತೆ ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದಳು. ಒಳಗೆ ಬಾ ಎಂದೆ. "ಬತ್ತೀನಿ ತಡಿಯವ್ವ" ಅಂದಳು. "ಅತ್ಗೆ ಎಲ್ಲಿ ಅಂತ ಕೇಳಕ್ಕೆ ಬಾಯಿ ತೆಗ್ದ್ಬುಟ್ಟಿದ್ದೆ."