ಹೊನ್ನಮ್ಮ ಸಿಮ್ ಬದಲಿಸಿದ ವರ್ಷ

ಮಾವಳ್ಳಿಯಿಂದ ಹೊನ್ನಾವರದ ಪಕ್ಕದ ಕಾಸರಕೋಡದ ನಮ್ಮ ಕೇರಿಗೆ ಸೊಸೆಯಾಗಿ ಬಂದ ಹೊನ್ನಮ್ಮ ಯಾರಿಗೂ ಹೆದರಿದವಳಲ್ಲ. ಮೀನಿನ ಬುಟ್ಟಿ ಬಸ್ಸಿಗೆ ಹತ್ತಿಸಬೇಡ ಎಂದ ಕಂಡಕ್ಟರನಿಗೆ, "ಮನೆಯಲ್ಲಿ ನೀವು ತಿಂಬೂದು ಎಂತ, ಹೂವನಾ?" ಎಂದು ಕೇಳಿ ಬುಟ್ಟಿಯನ್ನೂ ಹತ್ತಿಸಿ ತಾನೂ ಹತ್ತಿದವಳು. ಗಂಡ ಮಾಸ್ತಿ ಮಾತು ಕಡಿಮೆಯ ಮನುಷ್ಯ. ಮಗ ನರೇಶ ಅಪ್ಪನ ಜೊತೆಗೇ ಸಮುದ್ರಕ್ಕೆ ಹೋಗುತ್ತಾನೆ. ಅವರ ಸಣ್ಣ ಬೋಟಿನಲ್ಲಿ ಮೂರನೆಯವನು ಪಾಂಡು. ಗಾಳಿಮರದ ತೋಪಿನಾಚೆ ಅವನ ಮನೆ.

ನನ್ನ ಮನೆಗೂ ಹೊನ್ನಮ್ಮನ ಮನೆಗೂ ನಡುವೆ ಒಂದು ಬೇಲಿ ಮಾತ್ರ. ಹಾಗಾಗಿ ಇದೆಲ್ಲ ನಾನು ಕಣ್ಣಾರೆ ಕಂಡದ್ದು.

ನಮ್ಮ ಕೇರಿಯಲ್ಲಿ ಬೋಟಿನ ಮೇಲಿರುವವರ ಹತ್ತಿರ ಫೋನಿನಲ್ಲಿ ಯಾರೂ ಮಾತಾಡುವುದಿಲ್ಲ. ಇಂಜಿನ್ ಸದ್ದಿನಲ್ಲಿ ಕೇಳುವುದೂ ಇಲ್ಲ, ಬಲೆ ಎಳೆಯುವ ಕೈ ಒದ್ದೆಯಾಗಿರುತ್ತದೆ. ಅದಕ್ಕೇ ರಿಂಗಿನ ಲೆಕ್ಕ. ಸಮುದ್ರದಿಂದ ಒಂದು ಸಲ ರಿಂಗ್ ಕೊಟ್ಟು ಕಟ್ ಮಾಡಿದರೆ ಬಲೆ ಬಿಟ್ಟಾಯಿತು ಎಂದು. ಎರಡು ಸಲ ಕೊಟ್ಟರೆ ಹೊರಟೆವು, ಐಸು ತರಿಸಿಡಿ ಎಂದು. ಮನೆಯಿಂದ ಒಂದು ರಿಂಗ್ ಹೋದರೆ ಇಲ್ಲಿ ಎಲ್ಲ ಸಮ ಅದೆ ಎಂದು. ಈಗ ಮಾತಿಗೆ ದುಡ್ಡು ಹೋಗದಿದ್ದರೂ ರೂಢಿ ಹಾಗೇ ಉಳಿದಿದೆ. ಯಾರೂ ಎತ್ತುವುದಿಲ್ಲ.

ಹೊನ್ನಮ್ಮನ ತಂಗಿಯನ್ನು ಕುಮಟೆಗೆ ಕೊಟ್ಟಿದೆ. ಅಲ್ಲಿಯ ಬೋಟಿನವರೆಲ್ಲ ಹೊಸ ಕಂಪನಿಯ ಸಿಮ್ ಹಾಕಿಸಿಕೊಂಡಿದ್ದಾರೆ, ನಡುಸಮುದ್ರದಲ್ಲೂ ಸಿಗ್ನಲ್ ಇರುತ್ತದೆ ಎಂದು ತಂಗಿ ಹೇಳಿದಳು. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದಾಗ ಹೊನ್ನಮ್ಮ ಮೂವರ ಫೋನನ್ನೂ ಒಟ್ಟು ಮಾಡಿ, ಅವರನ್ನೂ ಹೊರಡಿಸಿಕೊಂಡು ಹೊನ್ನಾವರ ಪೇಟೆಗೆ ಹೋದಳು. ಔಷಧಿಗೆಂದು ಹೊರಟ ನಾನೂ ಜೊತೆಗಿದ್ದೆ.

ಮೊಬೈಲ್ ಅಂಗಡಿಯ ಸುಹಾಸ ಒಂದು ಮಾತು ಹೇಳಿದ.

"ಅಕ್ಕ, ಕುಮಟೆಯಲ್ಲಿ ಅವರ ಟವರು ಸಮುದ್ರದ ಬದಿ ಗುಡ್ಡದ ಮೇಲೆ ಅದೆ. ನಮ್ಮಲ್ಲಿ ಪೇಟೆ ಒಳಗೆ ಅದೆ. ಮನೆಯಲ್ಲಿ ವಿಡಿಯೋ ನೋಡೂಕೆ ಇದು ಬೆಸ್ಟು. ಸಮುದ್ರಕ್ಕೆ ಹಳೇ ಟೂ-ಜಿಯೇ ದೂರ ಹೋಗೂದು."

"ಕುಮಟೆಯವರ ಸಮುದ್ರ ಬೇರೆ, ನಮ್ಮ ಸಮುದ್ರ ಬೇರೆಯನಾ? ಒಂದೇ ನೀರಲ್ವನಾ? ಹಾಕು ನೀನು."

ಮಾಸ್ತಿಯದೂ ನರೇಶನದೂ ಬದಲಾಯಿತು. ಪಾಂಡುವಿನದು ಆಗಲಿಲ್ಲ. ಅವನದು ಗುಂಡಿ ಒತ್ತುವ ಹಳೆಯ ಸೆಟ್ಟು. ಹೊಸ ಕಂಪನಿಯದು ಬರೀ ಫೋರ್-ಜಿ, ಈ ಸೆಟ್ಟಿಗೆ ಆ ಸಿಮ್ ಹಿಡಿಯುವುದೇ ಇಲ್ಲ ಎಂದ ಸುಹಾಸ. ಹೊಸ ಫೋನು ತಕ್ಕೊ ಎಂದರೆ ಪಾಂಡು, "ನಂಗೆ ಇದೇ ಸಾಕು" ಎಂದ. ಮರುದಿನ ನಲ್ಲಿಯ ಹತ್ತಿರ ಹೊನ್ನಮ್ಮ ಎಲ್ಲರ ಎದುರು ಪಾಂಡುವಿನ ಹೆಂಡತಿ ದುರ್ಗಿಗೆ, "ನಿನ್ನ ಗಂಡನ ಡಬ್ಬವ ಗುಜರಿಯವನೂ ತಕ್ಕಂಬೂದಿಲ್ಲ" ಎಂದು ನಕ್ಕಳು. ದುರ್ಗಿ ಕೊಡ ಎತ್ತಿಕೊಂಡು ಹೋದಳು. ಅಲ್ಲಿಗೆ ಇಬ್ಬರ ಮಾತು ನಿಂತಿತು.

ಮೀನುಗಾರಿಕೆ ಶುರುವಾದ ಮೇಲೆ ಮಾಸ್ತಿಯ ರಿಂಗ್ ಬರುವುದು ಕಡಿಮೆಯಾಯಿತು. ದಡ ಕಣ್ಣಿಗೆ ತಪ್ಪಿದ ಮೇಲೆ ಸಿಗ್ನಲ್ ಇರುವುದಿಲ್ಲ ಎಂದ. ಪಾಂಡುವಿನದರಲ್ಲಿ ಬರುತ್ತದೆ ಎಂದೂ ಹೇಳಿದ.

ಚೌತಿ ಕಳೆದ ವಾರ ಅದು ನಡೆಯಿತು. ಮಳೆಗಾಲದಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮರಳು ಜಾಗ ಬದಲಿಸಿತ್ತು. ಸಂಜೆ ಇಳಿತದ ಹೊತ್ತಿಗೆ ಒಳಗೆ ಬರುತ್ತಿದ್ದ ಒಂದು ಬೋಟು ಮರಳಿಗೆ ತಾಗಿ ಮಗುಚಿತು. ಜನರನ್ನು ಎಳೆದು ತಂದರು, ಜೀವ ಹೋಗಲಿಲ್ಲ. ಆದರೆ ಒಬ್ಬನ ಕಾಲು ತೊಡೆಯ ಹತ್ತಿರ ಮುರಿದಿತ್ತು. ಅವನನ್ನು ಹಲಗೆಯ ಮೇಲೆ ಹೊತ್ತುಕೊಂಡು ಹೋಗುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಭರತಿ ಬರುವ ತನಕ ಯಾರೂ ಅಳಿವೆಗೆ ಬರಬಾರದು, ಹೊರಗಿರುವ ಬೋಟುಗಳು ಭಟ್ಕಳ ಬಂದರಕ್ಕೆ ಹೋಗಲಿ ಎಂದು ಬಂದರದಲ್ಲಿ ಕೂಗಿ ಹೇಳಿದರು. ಉಳಿದ ಬೋಟುಗಳೆಲ್ಲ ಅಷ್ಟರಲ್ಲಿ ಒಳಗೆ ಬಂದಿದ್ದವು. ಹೊರಗಿದ್ದದ್ದು ಮಾಸ್ತಿಯದು. ಅವರು ಕತ್ತಲಾಗುವ ಹೊತ್ತಿಗೆ ಬರುವವರು, ಅದೇ ಬಾಯಲ್ಲಿ.

ಹೊನ್ನಮ್ಮ ಗಂಡನಿಗೆ ಫೋನು ಮಾಡಿದಳು. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಂದು ಹೆಣ್ಣುದನಿ ಹೇಳಿತು. ಮಗನಿಗೆ ಮಾಡಿದಳು. ಅದೇ ದನಿ. ಅವಳು ದಡಕ್ಕೆ ಓಡಿ, ಮೊಣಕಾಲ ತನಕ ನೀರಿಗಿಳಿದು ಮತ್ತೆ ಮಾಡಿದಳು. ನೀರಿಗೆ ಹತ್ತಿರವಾದರೆ ಹೋಗಬಹುದು ಎಂದುಕೊಂಡಿದ್ದಳೋ ಏನೋ. ಬಲೆ ಮಡಚುತ್ತಿದ್ದವನೊಬ್ಬ, "ನೀ ಎಷ್ಟು ಮುಂದೆ ಹೋದ್ರೂ ಎಂತ ಬಂತೇ? ಸಿಗ್ನಲ್ ಬೇಕಾದ್ದು ಅವರ ಫೋನಿಗೆ" ಎಂದ. ಆಗ ಅವಳು ತಿರುಗಿ ನನ್ನನ್ನು ನೋಡಿದಳು. ಅವಳ ಮುಖ ಹಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಪಾಂಡುಗೆ ಮಾಡು" ಎಂದೆ.

"ನಂಬರು ಇಲ್ಲ ದೊಡ್ಡಮ್ಮ. ಅಳಿಸಿ ಹಾಕಿದೆ ನಾನು."

ನನ್ನ ಕೈ ಹಿಡಿದುಕೊಂಡು ಗಾಳಿಮರದ ತೋಪು ದಾಟಿದಳು. ಅವಳ ಕೈ ತಣ್ಣಗಿತ್ತು, ಬಿಡಿಸಿಕೊಳ್ಳಲು ಆಗದಷ್ಟು ಬಿಗಿಯಾಗಿತ್ತು. ದುರ್ಗಿ ಅಂಗಳದಲ್ಲಿ ಒಣಮೀನು ಒಟ್ಟುಮಾಡುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಎಂತ, ಡಬ್ಬ ನೋಡೂಕೆ ಬಂದ್ಯನಾ?"

"ದುರ್ಗಿ, ಅಳಿವೆಯಲ್ಲಿ ಬೋಟು ಮಗುಚಿದೆ."

ದುರ್ಗಿಯ ಕೈ ನಿಂತಿತು. "ಯಾರದ್ದು?"

"ನಮ್ಮದಲ್ಲ. ನಮ್ಮವರು ಇನ್ನೂ ಹೊರಗೆ ಇದ್ದಾರೆ. ಬರಬೇಡಿ ಅಂತ ಹೇಳ್ಬೇಕು. ಅವರಿಬ್ಬರದ್ದೂ ಹೋಗೂದಿಲ್ಲ."

ದುರ್ಗಿ ಒಳಗಿನಿಂದ ಫೋನು ತಂದಳು. ಓದು ಬಾರದವಳು. ಒಂದರ ಗುಂಡಿ ಒತ್ತಿ ಹಿಡಿದರೆ ಗಂಡನಿಗೆ ಹೋಗುವ ಹಾಗೆ ಪಾಂಡು ಮಾಡಿಕೊಟ್ಟಿದ್ದ. ಒತ್ತಿದಳು. ರಿಂಗ್ ಆಯಿತು. ನಮಗೆ ಮೂವರಿಗೂ ಕೇಳಿತು. ಕೊನೆತನಕ ಆಗಿ ನಿಂತಿತು. ಯಾರೂ ಎತ್ತಲಿಲ್ಲ.

"ಎತ್ತೂದಿಲ್ಲ ಅವ್ರು. ಮನೆಯಲ್ಲಿ ಎಲ್ಲ ಸಮ ಅದೆ ಅಂದ್ಕಂಡು ಸುಮ್ನೆ ಇರ್ತಾರೆ" ಎಂದಳು ದುರ್ಗಿ.

"ಬಿಡಬೇಡ, ಒತ್ತು" ಎಂದಳು ಹೊನ್ನಮ್ಮ.

ದುರ್ಗಿ ಒತ್ತುತ್ತಲೇ ಇದ್ದಳು. ಸೂರ್ಯ ತೋಪಿನ ಕೆಳಗೆ ಇಳಿದಿದ್ದ. ಕೊನೆಗೆ ಇಂಜಿನ್ನಿನ ಸದ್ದಿನೊಳಗಿಂದ ಪಾಂಡುವಿನ ದನಿ ಬಂತು.

"ಯಾರು ಸತ್ರು?"

"ಯಾರೂ ಸಾಯಲಿಲ್ಲ. ಅಳಿವೆಗೆ ಬರಬೇಡಿ, ಮರಳು ಕಟ್ಟಿದೆ, ಬೋಟು ಮಗುಚಿದೆ" ಎಂದು ದುರ್ಗಿ ಕೂಗಿದಳು. ಹೊನ್ನಮ್ಮ ಫೋನು ಕಸಿದುಕೊಂಡು, "ಪಾಂಡಣ್ಣ, ಭಟ್ಕಳಕ್ಕೆ ಹೋಗಿ, ಭಟ್ಕಳಕ್ಕೆ" ಎಂದಳು. ಆ ಕಡೆ ಗಾಳಿ. "ಎಂತ? ಎಲ್ಲಿಗೆ?" ಎಂದದ್ದು ಕೇಳಿತು. ಹೊನ್ನಮ್ಮ "ಭಟ್ಕಳ" ಎಂದು ಇನ್ನೊಮ್ಮೆ ಕೂಗುತ್ತಿದ್ದಂತೆ ಕಟ್ಟಾಯಿತು.

ಮತ್ತೆ ಒತ್ತಿದರೆ ಹೋಗಲಿಲ್ಲ. ಅಂಗಳದಲ್ಲಿ ನಿಂತೇ ಇದ್ದೆವು. ಅಷ್ಟರಲ್ಲಿ ದುರ್ಗಿಯ ಫೋನು ಒಂದು ಸಲ ರಿಂಗಾಗಿ ನಿಂತಿತು. ಸ್ವಲ್ಪ ತಡೆದು ಇನ್ನೊಂದು ಸಲ ಆಗಿ ನಿಂತಿತು.

ಎರಡು ರಿಂಗ್. ಹೊರಟೆವು, ಐಸು ತರಿಸಿಡಿ.

ದುರ್ಗಿ ಅಲ್ಲೇ ಕುಸಿದು ಕೂತಳು. "ಕೇಳಲಿಲ್ಲ ಅವರಿಗೆ. ಮನೆಗೇ ಬರ್ತಾ ಇದ್ದಾರೆ."

ಹೊನ್ನಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಮೂವರೂ ಅಳಿವೆಯ ದಡಕ್ಕೆ ಹೋದೆವು. ಅಲ್ಲಿ ಗಂಡಸರು ಬ್ಯಾಟರಿ ಹಿಡಿದು ಬೀಸುತ್ತಿದ್ದರು. ಆ ಬೆಳಕು ಮೊದಲ ತೆರೆಯನ್ನೂ ದಾಟುತ್ತಿರಲಿಲ್ಲ. ಬಾಯಲ್ಲಿ ಬಿಳಿ ನೊರೆ ಎದ್ದು ಬೀಳುವುದು ಮಾತ್ರ ಕಾಣುತ್ತಿತ್ತು. ಮಗುಚಿದ ಬೋಟಿನ ಒಂದು ಹಲಗೆ ನಮ್ಮ ಕಾಲಬುಡಕ್ಕೆ ಬಂದು ತಾಗಿತು. ಹೊನ್ನಮ್ಮ ಅದನ್ನು ನೋಡಲಿಲ್ಲ, ಕಾಲಿನಿಂದ ಹಿಂದಕ್ಕೆ ಸರಿಸಿದಳು. ಸಮುದ್ರದ ಮೇಲೆ ದೀಪ ಕಂಡರೆ ಎದೆ ಒಡೆಯುತ್ತಿತ್ತು. ಕಾಣಲಿಲ್ಲ, ಅದೂ ಎದೆ ಒಡೆಯುವ ಹಾಗೇ ಇತ್ತು. ಕಾಣದ ದೀಪ ಭಟ್ಕಳದ ಕಡೆ ಹೋಗಿದೆಯೋ, ಆರಿಯೇ ಹೋಗಿದೆಯೋ, ಹೇಳುವವರು ಯಾರು?

ಪೂರಾ ಕತ್ತಲಾದ ಮೇಲೆ ದುರ್ಗಿಯ ಸೆರಗಿನೊಳಗೆ ಫೋನು ರಿಂಗಾಯಿತು. ಅವಳು ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಳು. ಕಟ್ಟಾಗಲಿ, ಎಣಿಸೋಣ ಎಂದು ಕಾಯುತ್ತಿದ್ದಳು. ಅದು ಕಟ್ಟಾಗಲಿಲ್ಲ.

"ಎತ್ತೇ ಮಾರಾಯ್ತಿ" ಎಂದಳು ಹೊನ್ನಮ್ಮ.

ಪಾಂಡು ಭಟ್ಕಳ ಬಂದರದಿಂದ ಮಾತಾಡಿದ. ಮೂವರೂ ಇದ್ದಾರೆ ಎಂದ. ಮಾಸ್ತಿಗೆ ಕೊಟ್ಟ. ಹೊನ್ನಮ್ಮ ಫೋನು ಕಿವಿಗೆ ಹಿಡಿದು ಮೊದಲು ಮಗನ ದನಿ ಕೇಳಿಸಿ ಎಂದಳು. ನರೇಶ, "ಅಮ್ಮ" ಎಂದ ಮೇಲೆ ಗಂಡನಿಗೆ ತಿರುಗಿದಳು.

"ಎರಡು ರಿಂಗ್ ಎಂತಕ್ಕೆ ಕೊಟ್ರಿ?"

"ಹೊರಟೆವು ಅಂತ. ನೀನೇ ಹೇಳಿದ್ಯಲ್ಲ, ಭಟ್ಕಳಕ್ಕೆ ಹೋಗಿ ಅಂತ."

"ಎಲ್ಲಿಗೆ ಹೊರಟ್ರಿ ಅಂತ ರಿಂಗಿನಲ್ಲಿ ಕಾಣ್ತದಾ?"

ಹೊನ್ನಮ್ಮ ಮರಳಿನ ಮೇಲೆ ಕೂತು ಅತ್ತಳು. ದುರ್ಗಿ ಪಕ್ಕದಲ್ಲಿ ಕೂತಳು, ಅವಳೂ ಅತ್ತಳು.

ಎರಡು ದಿನ ಬಿಟ್ಟು ಹೊನ್ನಮ್ಮ ಸಿಮ್ ತಿರುಗಿ ಬದಲಿಸಲು ಸುಹಾಸನ ಹತ್ತಿರ ಹೋದಳು. ಬದಲಿಸಿ ಮೂರು ತಿಂಗಳು ಆಗದೆ ಇನ್ನೊಮ್ಮೆ ಬದಲಿಸಲು ಬರುವುದಿಲ್ಲ ಎಂದ. ಹಳೆ ಟೂ-ಜಿ ಯಾವತ್ತಾದರೂ ಮುಚ್ಚುತ್ತಾರಂತೆ, ಯಾವಾಗ ಅಂತ ತನಗೂ ಗೊತ್ತಿಲ್ಲ ಎಂದ. ಅವಳು ಏನೂ ಜಗಳ ಮಾಡದೆ ಬಂದಳು. ಬಂದವಳು ನನಗೆ, "ಮುಚ್ಚಿದ್ರೆ ಎಂತ ಮಾಡೂದು ದೊಡ್ಡಮ್ಮ?" ಎಂದು ಕೇಳಿದಳು.

ಕಳೆದ ವಾರ ಪಾಂಡುವಿಗೆ ಜ್ವರ. ಅವನಿಲ್ಲದೆ ಬೋಟು ಬಿಡುವುದಿಲ್ಲ ಎಂದಳು ಹೊನ್ನಮ್ಮ. "ಅವನಿಗೆ ಜ್ವರ, ಅವನ ಫೋನಿಗಲ್ಲ" ಎಂದ ಮಾಸ್ತಿ. ದುರ್ಗಿಯೇ ಗಂಡನ ಫೋನು ತಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಾರ ಕಟ್ಟಿ ನರೇಶನ ಕೊರಳಿಗೆ ಹಾಕಿದಳು. ಹೊನ್ನಮ್ಮ ಆ ದಿನ ಪೇಟೆಗೆ ಹೋಗಲಿಲ್ಲ. ಅಕ್ಕಿ ತಂದು ದುರ್ಗಿಯ ಒಲೆಯ ಮೇಲೇ ಗಂಜಿ ಬೇಯಿಸಿದಳು, ಪಾಂಡುವಿಗೂ ಬಡಿಸಿದಳು. ದುರ್ಗಿಯ ಫೋನನ್ನು ಇಬ್ಬರ ನಡುವೆ ಇಟ್ಟುಕೊಂಡು ಕೂತರು. ಸಂಜೆ ಎರಡು ರಿಂಗ್ ಬಂದಾಗ ಇಬ್ಬರೂ ಒಟ್ಟಿಗೆ ಕೈ ಹಾಕಿದರು. ನರೇಶನಿಗೆ ತಿರುಗಿ ಫೋನು ಮಾಡಿ, ಅವನು ಎತ್ತುವ ತನಕ ಬಿಡದೆ, ಎಲ್ಲಿಗೆ ಹೊರಟಿರಿ ಎಂದು ಬಾಯಿಬಿಟ್ಟು ಕೇಳಿದರು.