ಅಕ್ಕೋರು ಮತ್ತು ಹೊಸ ಪರದೆ

ಕುರ್ಚಿಯಲ್ಲಿ ಕೂತರೆ ಸಾಕು, ಅವರ ಬಲಗಾಲು ಕುಣಿಯಲು ಶುರುವಾಗುತ್ತಿತ್ತು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಕೊನೆಗೆ ಮೇಜು, ಮೇಜಿನ ಮೇಲಿನ ಚಹಾ ಲೋಟ, ಎಲ್ಲವೂ ನಡುಗುತ್ತಿದ್ದವು. ಚಪ್ಪಲಿ ಕಳಚಿ ದೂರ ಜಾರುತ್ತಿತ್ತು. ಏಳುವಾಗ ಕಾಲಿನಿಂದಲೇ ತಡಕಾಡಿ ಹುಡುಕಿಕೊಳ್ಳುತ್ತಿದ್ದರು. ಅಂಕೋಲಾ ಬಸ್ ನಿಲ್ದಾಣದ ಹತ್ತಿರ, ಅಂಗಡಿಗಳ ಮೇಲಿನ ಮಾಳಿಗೆಯಲ್ಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ನನಗೆ ಟೈಪಿಂಗ್ ಕಲಿಸಿದವರು ಅವರು. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ನನಗೆ ಅವರು ಕಡೆಯವರೆಗೂ ಅಕ್ಕೋರೇ.

ನಾನು ಕಾರವಾರದ ಬೈತಖೋಲದವಳು. ಅಪ್ಪ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಕೊಂಕಣಿ; ನನ್ನ ಕನ್ನಡ ಬರವಣಿಗೆಯಲ್ಲಿ ಒತ್ತಕ್ಷರಗಳು ತಮಗೆ ತೋಚಿದಲ್ಲಿ ಹೋಗಿ ಕೂರುತ್ತಿದ್ದವು. ಮೊದಲ ದಿನ ನಾಚಿಕೊಂಡು ಅದನ್ನೇ ಹೇಳಿದೆ. "ಬಾಯಲ್ಲಿ ಕೊಂಕಣಿ ಇರ್ಲಿ ತಂಗಿ. ಬೆರಳಿಗೆ ಕನ್ನಡ ಬಂದ್ರೆ ಸಾಕು," ಎಂದರು. ಕೀಬೋರ್ಡಿನತ್ತ ಕಣ್ಣು ಹಾಯಿಸಿದರೆ ಮಾತ್ರ ಬೈಗುಳ: "ಕೈ ಎಂತಕ್ಕೆ ನೋಡ್ತೆ? ಅದು ಎಲ್ಲಿ ಓಡಿ ಹೋಗ್ತದೆ?"

ಕಲಿತು ಮುಗಿದ ಮೇಲೆ ನಾನು ಅಲ್ಲೇ ಅವರ ಸಹಾಯಕಿಯಾದೆ. ಕ್ಲಾಸಿನ ಜೊತೆಗೆ ಮದುವೆ ಕರೆಯೋಲೆ, ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಕೆಲಸವೂ ಇತ್ತು. ಕೈಬರಹದ ಕಾಗದ ಬಂದರೆ ಅಕ್ಕೋರು ಅದನ್ನು ಯಾರಾದರೂ ವಿದ್ಯಾರ್ಥಿಯ ಕೈಗೆ ಕೊಟ್ಟು, "ಗಟ್ಟಿಯಾಗಿ ಓದು, ನಿನ್ನ ಉಚ್ಚಾರ ಸರಿ ಆಗ್ಲಿ," ಎಂದು ತಾವು ಟೈಪಿಸುತ್ತಿದ್ದರು. ಕೆಳಗೆ ಬಸ್ಸು ನಿಂತ ಸದ್ದಾದರೆ ಎದ್ದು ಕಿಟಕಿಗೆ ಹೋಗಿ, "ಯಾವ ಬಸ್ಸೇ ಅದು? ಬೋರ್ಡ್ ಓದು, ಬೇಗ!" ಎನ್ನುತ್ತಿದ್ದರು. ನಾವು ಓದಿ ಹೇಳುವಷ್ಟರಲ್ಲಿ ಮತ್ತೆ ಕುರ್ಚಿಗೆ ಬಂದಿರುತ್ತಿದ್ದರು. ಒಂದು ಕಡೆ ನಿಲ್ಲದ ಜೀವ ಎಂದು ನಾವು ನಗುತ್ತಿದ್ದೆವು.

ಒಂದು ಸೋಮವಾರ ಬಂದು ನೋಡಿದರೆ ಎಲ್ಲ ಕಂಪ್ಯೂಟರುಗಳ ಮುಖವೇ ಬೇರೆ. ಭಾನುವಾರ ಕ್ಲಾಸಿನ ಮಾಲಕರು ಕೂತು ವಿಂಡೋಸಿನ ಹೊಸ ಆವೃತ್ತಿ ಹಾಕಿಸಿದ್ದರು. ಚೌಕಗಳ ಮೂಲೆಗಳು ದುಂಡಗಾಗಿದ್ದವು. ಬಣ್ಣಗಳು ತೊಳೆದಿಟ್ಟ ಹಾಗೆ ತೆಳುವಾಗಿದ್ದವು. ಎಡಮೂಲೆಯಲ್ಲಿರುತ್ತಿದ್ದ ಸ್ಟಾರ್ಟ್ ಬಟನ್ ಎದ್ದು ಬಂದು ನಡುವೆ ಕೂತಿತ್ತು. ಹುಡುಗಿಯರಿಗೆ ಖುಷಿಯೋ ಖುಷಿ. "ಮೊಬೈಲ್ ಥರ ಇದೆ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಪಿಂಚಣಿ ಕಾಗದ ಮಾಡಿಸಲು ಬಂದಿದ್ದ ಮುದುಕರೊಬ್ಬರು ಬಗ್ಗಿ ನೋಡಿ, "ಸೊಸೆ ಬಂದು ಅಡುಗೆಮನೆ ಡಬ್ಬಿ ಎಲ್ಲಾ ಬದಲಾಯ್ಸಿಟ್ಟಂಗಾಯ್ತಲ್ರೋ," ಎಂದರು. ಮಾಲಕರಿಗೂ ನಗು ತಡೆಯಲಾಗಲಿಲ್ಲ.

ಅಕ್ಕೋರು ಮೌಸನ್ನು ಎಡಕ್ಕೆ, ಕೆಳಕ್ಕೆ ತಳ್ಳಿದರು. ಒತ್ತಿದರು. ಏನೂ ತೆರೆಯಲಿಲ್ಲ. ಮತ್ತೆ ತಳ್ಳಿದರು, ಮತ್ತೆ ಒತ್ತಿದರು. ಮೇಜಿನ ಕೆಳಗೆ ಕಾಲು ನಿಂತುಹೋಯಿತು. "ಎಂತದ್ರೋ ಇದು?" ಅವರ ದನಿ ಒಮ್ಮೆಲೇ ಏರಿತು. "ಚಂದ ಮಾಡೂದು ಅಂದ್ರೆ ಇದ್ದದ್ದನ್ನ ಅಡಗ್ಸಿ ಇಡೂದಾ? ಹಳೇದೇ ಹಾಕಿ. ಇವತ್ತೇ ಹಾಕಿ!"

"ನಾಕು ದಿನ ಅಕ್ಕೋರೇ, ರೂಢಿ ಆಗ್ತದೆ," ಎಂದರು ಮಾಲಕರು.

ರೂಢಿ ಆಗಲಿಲ್ಲ. ಆ ವಾರವಿಡೀ ಅವರು ಒಂದು ಕಡೆ ಕೂರಲಿಲ್ಲ. ತಲೆನೋವು ಎನ್ನುವರು, ಚಹಾ ತರುತ್ತೇನೆಂದು ಕೆಳಗಿಳಿಯುವರು, ಬರಿಗೈಯಲ್ಲಿ ಮೇಲೆ ಬರುವರು. "ನೀನೇ ತೆಗೆ, ನೀನೇ ಉಳ್ಸು," ಎಂದು ಮೌಸನ್ನು ನನ್ನತ್ತ ನೂಕುವರು. ವಯಸ್ಸಾದವರ ಹಟ ಎಂದು ಎಲ್ಲರೂ ತಿಳಿದೆವು. ನನಗೂ ಒಳಗೊಳಗೆ ಕಿರಿಕಿರಿಯಾಗುತ್ತಿತ್ತು.

ಆಗ ಹತ್ತಿರದ ಕೇಣಿ ಊರಿನಿಂದ ಒಬ್ಬ ಬಂದ. ಗದ್ದೆ ಮಾಡಿಕೊಂಡಿದ್ದವನು. ಅವನ ತಾಯಿ ತೀರಿಕೊಂಡು ಹನ್ನೆರಡನೇ ದಿನದ ಕಾರ್ಯ ಹತ್ತಿರ ಬಂದಿತ್ತು. ಪೆನ್‌ಡ್ರೈವಿನಲ್ಲಿ ತಾಯಿಯ ಫೋಟೊಗಳಿದ್ದವು. ಒಂದನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಬೇಕಿತ್ತು. ನಾನು ಜೆರಾಕ್ಸ್ ಕಾಗದ ತರಲು ಕೆಳಗೆ ಹೋಗಿದ್ದೆ. ನಾನು ಬರುವ ತನಕ ತಡೆಯುವುದು ಅಕ್ಕೋರಿಂದಾಗಲಿಲ್ಲ. ಹಿಂದೆ ಮೌಸಿನ ಬಲಗುಂಡಿ ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ಕಾಪಿ ಎಂಬ ಪದ ಎಷ್ಟು ಕೆಳಗೆ ಇರುತ್ತದೆಂದು ಅವರ ಕೈಗೆ ಗೊತ್ತಿತ್ತು. ಹೊಸದರಲ್ಲಿ ಪದಗಳೇ ಇಲ್ಲ, ಸಾಲಾಗಿ ಪುಟ್ಟ ಚಿತ್ರಗಳು. ಅಂದಾಜಿನಲ್ಲಿ ಒಂದನ್ನು ಒತ್ತಿದರು. ಕಂಪ್ಯೂಟರ್ ಏನೋ ಕೇಳಿತು. ಅಭ್ಯಾಸಬಲದಿಂದ ಎಂಟರ್ ಒತ್ತಿದರು. ಫೋಟೊಗಳೆಲ್ಲ ಅಳಿಸಿಹೋದವು. ಪೆನ್‌ಡ್ರೈವಿನಿಂದ ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಗೂ ಹೋಗುವುದಿಲ್ಲ.

ನಾನು ಮೇಲೆ ಬಂದಾಗ ಆತ ಪರದೆಯ ಮುಂದೆ ಬಾಯಿ ತೆರೆದು ನಿಂತಿದ್ದ. "ಬೇರೆ ಎಲ್ಲೂ ಇಲ್ರಾ. ಮೊಬೈಲ್ ನೀರಿಗೆ ಬಿದ್ದು ಹೋಗಿದೆ," ಎನ್ನುತ್ತಿದ್ದ. ಮಾಲಕರು ಓಡಿಬಂದರು. ಅಕ್ಕೋರ ಮೇಲೆ ಮಾತು ಬರಬಾರದೆಂದು ಅವರಿಗೆ. "ಅವರದ್ದು ತಪ್ಪಲ್ಲ. ಈ ಹೊಸದು ಬಂದಾಗಿಂದ ಎಲ್ಲರಿಗೂ ಹಿಂಗೇ ಆಗ್ತಾ ಇದೆ," ಎಂದರು. ಆತನೂ ತಲೆಯಾಡಿಸಿದ. ಅಷ್ಟಕ್ಕೇ ಮುಗಿಯಬಹುದಿತ್ತು.

ಅಕ್ಕೋರು ಎದ್ದು ನಿಂತರು. "ಹೊಸದ್ರ ಮೇಲೆ ಹಾಕ್ಬೇಡಿ," ಎಂದರು. "ನಂಗೆ ಕಾಣೂದಿಲ್ಲ. ಬಹಳ ದಿನದಿಂದ ಕಾಣೂದಿಲ್ಲ."

ಅವರು ನನ್ನತ್ತ ತಿರುಗಿದರು. "ನಿನ್ನ ಕಿವಿಯ ಓಲೆ ಕಾಣ್ತದೆ ತಂಗಿ, ಮುಖ ಕಾಣೂದಿಲ್ಲ. ನೋಟದ ನಡುವೆ ಒಂದು ಕಲೆ ಬಿದ್ದಿದೆ. ಮಂಗಳೂರಲ್ಲಿ ತೋರ್ಸ್ದೆ. ಹೋದದ್ದು ಬರೂದಿಲ್ಲ ಅಂದ್ರು. ಮೌಸನ್ನ ಮೂಲೆಗೆ ತಳ್ಳಿದ್ರೆ ಬಾಣ ತಾನೇ ಹೋಗಿ ನಿಲ್ತಿತ್ತು, ಅಲ್ಲಿಂದ ಲೆಕ್ಕ ಹಿಡಿದು ಎಲ್ಲಾ ಮಾಡ್ತಿದ್ದೆ. ಕಾಣದವಳ ಹತ್ರ ಯಾರು ಮಕ್ಕಳನ್ನ ಕಳ್ಸ್ತಾರೆ ಅಂತ ಹೇಳ್ಲಿಲ್ಲ."

ಗಟ್ಟಿಯಾಗಿ ಓದಿಸಿದ್ದು, ಬಸ್ಸಿನ ಬೋರ್ಡು ಕೇಳಿದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಕೇಣಿಯವನು ಕುರ್ಚಿ ಎಳೆದು, "ನೀವು ಮೊದ್ಲು ಕೂತ್ಕಳಿ ಅಕ್ಕೋರೇ," ಎಂದ. ಮಾಲಕರು ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಾಕಿ ಕೂತರು. ಮಧ್ಯಾಹ್ನದ ಊಟ ಯಾರಿಗೂ ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಹೆಚ್ಚಿನವು ಸಿಕ್ಕವು. ಕೆಲವು ತೆರೆಯಲೇ ಇಲ್ಲ. ತಾಯಿ ತುಳಸಿಕಟ್ಟೆಯ ಪಕ್ಕ ನಿಂತ ಫೋಟೊ ಪೂರ್ತಿಯಾಗಿ ಬಂತು. ಆತ ಅದನ್ನೇ ದೊಡ್ಡದು ಮಾಡಿಸಿಕೊಂಡು ಹೋದ.

ಮರುದಿನದಿಂದ ಅಕ್ಕೋರು ಬರಲಿಲ್ಲ. ಮಾಲಕರು ಕೆಟ್ಟವರಲ್ಲ, ಆದರೆ "ಇನ್ನು ಅವರಿಗೆ ಎಂತ ಕೆಲಸ ಕೊಡೂದು?" ಎಂದು ನನ್ನನ್ನೇ ಕೇಳಿದರು. ಕ್ಲಾಸಿನ ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ ಹೋದೆ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು.

"ಸಮಾಧಾನ ಹೇಳೂಕೆ ಬಂದ್ಯಾ?"

"ಇಲ್ಲ ಅಕ್ಕೋರೇ. ಹೊಸದರಲ್ಲಿ ನಂಗೂ ದಾರಿ ತಪ್ತದೆ. ಮೌಸ್ ಇಲ್ದೆ ಹೆಂಗೆ ಹೋಗೂದು ನೋಡ್ವಾ."

ಕೀಬೋರ್ಡಿನ ಕೆಳಸಾಲಿನಲ್ಲಿ ಕಿಟಕಿಯ ಗುರುತಿನ ಕೀ ಇದೆ. ಅವರ ಬೆರಳನ್ನು ಅದರ ಮೇಲಿಟ್ಟೆ. ಒತ್ತಿದರೆ ಸ್ಟಾರ್ಟ್ ಬಟನ್ ಎಲ್ಲೇ ಇರಲಿ, ಅದರ ಪಟ್ಟಿ ತೆರೆಯುತ್ತದೆ. ಬೇಕಾದ್ದರ ಹೆಸರು ಟೈಪಿಸಿದರೆ ಬಂದು ನಿಲ್ಲುತ್ತದೆ. ಅವರು ಒತ್ತಿದರು, ಟೈಪಿಸಿದರು, ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ಇಷ್ಟು ದಿನ ಇದು ಇಲ್ಲೇ ಇತ್ತಾ?" ಎಂದರು. ಆಮೇಲೆ ಪರದೆಯ ಮೇಲಿದ್ದುದನ್ನು ಓದಿ ಹೇಳುವ ಸೌಲಭ್ಯವನ್ನು ಹಚ್ಚಿದೆವು. ಅದರ ಕನ್ನಡ ಕೇಳಿ ಅವರಿಗೆ ರೇಗಿಹೋಯಿತು. "ಉಚ್ಚಾರ ಸರಿ ಮಾಡೋ ಮಾರಾಯಾ!" ಎಂದು ಯಂತ್ರಕ್ಕೇ ಬೈದರು. ಅದು ಬಿಟ್ಟೂಬಿಡದೆ ಓದುತ್ತಿತ್ತು. ಇಬ್ಬರೂ ನಕ್ಕೆವು, ನಗುತ್ತ ನಗುತ್ತ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕೋರು ಕ್ಲಾಸಿಗೆ ಮರಳಿದರು. ಹೊಸಬರು ಬಂದ ದಿನವೇ ಹೇಳಿಬಿಡುತ್ತಿದ್ದರು: "ನಂಗೆ ನಿಮ್ಮ ಮುಖ ಕಾಣೂದಿಲ್ಲ. ಮಾತಾಡಿ, ದನಿ ಮೇಲೆ ಗುರ್ತು ಹಿಡೀತೆ." ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಸದಾಶಿವಗಡದಿಂದ ಒಬ್ಬ ಹೆಂಗಸು ಮಾತ್ರ ಅವರ ಸುದ್ದಿ ಕೇಳಿಯೇ ಬಂದಳು. ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋಗಿದ್ದವು. ಅಕ್ಕೋರು ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕಲಿಸುತ್ತಿದ್ದರು. ಅವಳು ತಪ್ಪಿದರೆ ಬೈಗುಳ, ಸರಿಯಾದರೆ, "ಹ್ಞಾಂ, ಮುಂದೆ!"

ಕಳೆದ ವರ್ಷ ಅವರಿಗೆ ಎದೆನೋವು ಬಂತು. ಕಾರವಾರದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಬೈತಖೋಲದಿಂದ ನಾನು ದಿನಾ ಹೋಗುತ್ತಿದ್ದೆ. ಸಲೈನ್ ಹಾಕಿದ ಕೈಯನ್ನೂ ಸುಮ್ಮನಿಡುತ್ತಿರಲಿಲ್ಲ, ನರ್ಸ್ ಗದರುತ್ತಿದ್ದಳು. ಕ್ಲಾಸಿನ ಸುದ್ದಿ ಕೇಳಿದಾಗ, ಅಪ್‌ಡೇಟ್ ಬಂದು ಸ್ಟಾರ್ಟ್ ಪಟ್ಟಿಯನ್ನು ಮತ್ತೆ ಬದಲಾಯಿಸಿದ್ದಾರೆ ಎಂದೆ.

"ಮತ್ತೆಯಾ? ಎಂತ ಬದಲಾಯ್ಸಿದ್ರು?"

"ಇನ್ನೂ ಪೂರ್ತಿ ನೋಡ್ಲಿಲ್ಲ ಅಕ್ಕೋರೇ."

"ನೋಡ್ದೆ ಎಂತಕ್ಕೆ ಇಲ್ಲಿ ಕೂತ್ಕಂಡೆ? ಸದಾಶಿವಗಡದವಳು ಬಂದು ತಡಕಾಡ್ತಾಳೆ. ಹೋಗು, ಹೋಗು."

ಸಿಟ್ಟು ಬಂದವರಂತೆ ಕೈ ಬೀಸಿದರು. ನಾನು ಬಸ್ಸು ಹತ್ತಿದೆ. ಅಂಕೋಲಾ ತಲುಪುವ ಮೊದಲೇ ಮಾಲಕರ ಫೋನು ಬಂತು. ಅಕ್ಕೋರು ಹೋಗಿಬಿಟ್ಟಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಕ್ಲಾಸಿನ ಬಾಗಿಲು ತೆಗೆದೆ. ಪರದೆಯನ್ನು ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹೊಸದಾಗಿ ಏನೆಲ್ಲ ಎಲ್ಲಿಗೆ ಹೋಗಿದೆಯೆಂದು ಕೀಗಳಿಂದಲೇ ಹುಡುಕುತ್ತ ಹೋದೆ. ದಾರಿ ತಪ್ಪಿತು, ಮತ್ತೆ ಮೊದಲಿಂದ ಹೊರಟೆ. ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು. ಸದಾಶಿವಗಡದಾಕೆ ಬಾಗಿಲಲ್ಲಿ ನಿಂತು, "ಯಾರಿದ್ದೀರಿ?" ಎಂದು ಕೇಳಿದಳು.

"ಬನ್ನಿ," ಎಂದೆ. "ಸ್ವಲ್ಪ ಬದಲಾಗಿದೆ. ತೋರಿಸ್ತೆ." ಅವಳ ಪಕ್ಕಕ್ಕೆ ನನ್ನ ಕುರ್ಚಿ ಎಳೆದುಕೊಂಡೆ.